21 ಗೇರಿನ ಮೋಹ

“ಮಾಮ, ಇದಕ್ಕೆ 21 ಗೇರು. ನೀನು ಹೇಳ್ತಿರೋದಕ್ಕೆ ಬರೀ 12. ರೇಟು ನೋಡಿದ್ರೆ ಮೂರು ಪಟ್ಟು! ಇದ್ಯಾವ ನ್ಯಾಯ?” ಅಂದ ಅಕ್ಕನ ಮಗ. ತಪ್ಪು ಅವನದಲ್ಲ. ಸೈಕಲ್ ಅಂಗಡಿಗೆ ಹೋದ ನಾವೆಲ್ಲ ಕೇಳೋ ಮೊದಲ ಪ್ರಶ್ನೆಯೇ “ಎಷ್ಟು ಗೇರು?” ಅಂತ. ಮಾರುವವರಿಗೂ ಅದೇ ಬೇಕು.

21 ಅಂದರೆ ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ, ಅಷ್ಟೆ. ಗುಣಿಸಿದ ಲೆಕ್ಕ. ಅದರಲ್ಲಿ ಎಷ್ಟೋ ಗೇರುಗಳು ಒಂದರ ಮೇಲೊಂದು ಬೀಳ್ತವೆ, ಇನ್ನು ಕೆಲವನ್ನು ಹಾಕಿದರೆ ಚೈನು ಅಡ್ಡಡ್ಡ ಉಜ್ಜುತ್ತೆ.

ಇದಕ್ಕಿಂತ ದೊಡ್ಡ ಮೋಸ ಡಿರೇಲರಿನದು. ಶಿಮಾನೋ ಕಂಪನಿಯ ಮೆಟ್ಟಿಲು ಬಹುಕಾಲ ಹೀಗಿತ್ತು: ಟೂರ್ನಿ, ಆಲ್ಟಸ್, ಅಸೆರಾ, ಅಲಿವಿಯೋ, ಡಿಯೋರ್, ಎಸ್‌ಎಲ್‌ಎಕ್ಸ್, ಎಕ್ಸ್‌ಟಿ, ಎಕ್ಸ್‌ಟಿಆರ್. ಗಿರಾಕಿ ಬಗ್ಗಿ ನೋಡೋದು ಹಿಂದಿನ ಡಿರೇಲರಿನ ಮೇಲಿರೋ ಹೆಸರನ್ನು ಮಾತ್ರ. ಹಾಗಾಗಿ ಅಲ್ಲೊಂದು ಮೇಲಿನ ಮೆಟ್ಟಿಲಿನದನ್ನು ನೇತುಹಾಕಿ ಶಿಫ್ಟರು, ಹಬ್ಬು, ಚೈನು ಎಲ್ಲ ಅಗ್ಗದ್ದು ಹಾಕಿರ್ತಾರೆ. ರೇಷ್ಮೆ ಪೇಟ, ಹರಕು ಪಂಚೆ.

ನಾನೂ ಬಿದ್ದವನೇ. ಅಲಿವಿಯೋ ಅಂತ ಹೊಳೆಯೋ ಅಕ್ಷರ ನೋಡಿ ತಂದ ಸೈಕಲ್ಲು ತುರಹಳ್ಳಿ ಕಾಡಿನ ಕಲ್ಲು ಹಾದಿಯಲ್ಲಿ ಹಿಂದಿನ ಆಕ್ಸಲ್ ಮುರಿದುಕೊಂಡು ಕೂತಿತು. ಬಿಚ್ಚಿದರೆ ಒಳಗಿದ್ದದ್ದು ತಿರುಪಿ ಕೂರಿಸಿದ ಏಳರ ಫ್ರೀವೀಲ್. ಅಂಥ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಒಳಗೆಲ್ಲೋ ಇರುತ್ತೆ, ಅದರಾಚೆಗಿನ ಆಕ್ಸಲ್‌ಗೆ ಆಸರೆಯೇ ಇಲ್ಲ. ಕ್ಯಾಸೆಟ್ ಕೂರೋ ಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಬರುತ್ತೆ. ಅಂಗಡಿಯವನು ಕೇಳಿದ್ದು: “ಜಂಪ್ ಗಿಂಪ್ ಮಾಡಿದ್ರಾ ಸಾರ್?” ಮೌಂಟನ್ ಬೈಕ್ ಅಂತ ಮಾರಿದವನು ಕೇಳೋ ಪ್ರಶ್ನೆಯಾ ಇದು?

ಇನ್ನೊಂದು ತುದಿಯ ಭಕ್ತರೂ ಇದ್ದಾರೆ, ಎಕ್ಸ್‌ಟಿಆರ್‌ಗಿಂತ ಕೆಳಗಿನದನ್ನು ಮುಟ್ಟದವರು. 12 ಗೇರಿನ ಡಿಯೋರ್ ಬಂದದ್ದು 2020ರಲ್ಲಿ. ಮೇಲಿನವುಗಳ ಹಾಗೇ ಅದಕ್ಕೂ 10ರಿಂದ 51 ಹಲ್ಲಿನ ಕ್ಯಾಸೆಟ್, ಕುಲುಕಾಟದಲ್ಲಿ ಚೈನು ಬಡಿಯದಂತೆ ಡಿರೇಲರ್ ಹಿಡಿದಿಡೋ ಕ್ಲಚ್ಚೂ ಉಂಟು. ಎಕ್ಸ್‌ಟಿ ಶಿಫ್ಟರು ಒಂದೇ ಒತ್ತಿಗೆ ಎರಡು ಗೇರು ಬಿಡುತ್ತೆ, ಡಿಯೋರ್ ಒಂದೊಂದೇ. ಕೈಗೆ ಹಿತ, ಒಪ್ಪಿದೆ. ಮಿಕ್ಕಿದ್ದು ಬಹುಪಾಲು ತೂಕ. ಡಿಯೋರ್ ಕ್ಯಾಸೆಟ್ ಸುಮಾರು 590 ಗ್ರಾಂ, ಎಕ್ಸ್‌ಟಿಆರ್‌ನದು 370ರ ಆಸುಪಾಸು. ಆ 220 ಗ್ರಾಮಿಗಾಗಿ ಟೈಟೇನಿಯಂ, ಅಲ್ಯೂಮಿನಿಯಂ ಹಲ್ಲುಗಳಿಗೆ ದುಡ್ಡು ಸುರೀತೀವಿ. ಪಂದ್ಯಕ್ಕೆ ಇಳಿಯೋರು ಸುರಿಯಲಿ. ನನ್ನ ಹೊಟ್ಟೆಯಲ್ಲೇ ಅದರ ಹತ್ತಿಪ್ಪತ್ತು ಪಟ್ಟು ಇದೆ.

“ನನ್ನ ಹತ್ರ ಅಷ್ಟು ದುಡ್ಡಿಲ್ಲವಲ್ಲ ಮಾಮ,” ಅಂದ ಹುಡುಗ. ಅದೂ ನಿಜವೇ. ಸರಿ, ಆಲ್ಟಸ್ಸೇ ಇರಲಿ, ಆದರೆ ಹಿಂದೆ ಎಂಟು ಇಲ್ಲವೇ ಒಂಬತ್ತರ ಕ್ಯಾಸೆಟ್ ಇರಬೇಕು, ಫ್ರೀವೀಲ್ ಬೇಡ ಅಂದೆ. ಭಾನುವಾರ ಇಬ್ಬರೂ ಅಂಗಡಿಗೆ ಹೋಗ್ತಿದ್ದೀವಿ. ಎಷ್ಟು ಗೇರು ಅಂತ ಈ ಸಲ ಕೇಳಲ್ಲ, ಹಿಂದಿನ ಚಕ್ರ ಬಿಚ್ಚಿ ತೋರ್ಸಿ ಅಂತೀವಿ.