ಹಿಡಿದ ಹಣ ಯಾರದು?



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಮದುವೆಯ ಆಮಂತ್ರಣ ಪತ್ರಿಕೆ ಕೊಡಲು ಮನೆಗೆ ಬಂದಿದ್ದ. ಎಂಟನೆಯ ತರಗತಿಯಲ್ಲಿ ಶೇಕಡಾ ಲೆಕ್ಕವೆಂದರೆ ಬೆವರುತ್ತಿದ್ದ ಹುಡುಗ, ಇಂದು ಇಪ್ಪತ್ತಮೂರು ಮಂದಿ ದುಡಿಯುವ ಸಣ್ಣ ಕಾರ್ಖಾನೆಯೊಂದರ ಯಜಮಾನ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು, ಊರು ಕೇಳಬೇಡಿ.) ಕಾಫಿ ಕುಡಿಯುತ್ತಾ ತನ್ನ ಕಷ್ಟ ತೋಡಿಕೊಂಡ.

"ಸರ್, ಮಾಲು ಕೊಟ್ಟು ಐದು ತಿಂಗಳಾಯಿತು, ಬಿಲ್ಲಿನ ಹಣ ಬಂದಿಲ್ಲ. ಸಂಬಳವನ್ನು ಹೇಗೋ ಹೊಂದಿಸಿದೆ. ಪಿ.ಎಫ್. ಮಾತ್ರ ನಾಲ್ಕು ತಿಂಗಳಿಂದ ಕಟ್ಟಿಲ್ಲ. ಹಣ ಬಂದೊಡನೆ ಒಟ್ಟಿಗೆ ಕಟ್ಟಿಬಿಡುತ್ತೇನೆ."

"ಕೆಲಸಗಾರರ ಸಂಬಳದಲ್ಲಿ ಅವರ ಪಾಲು ಹಿಡಿದಿದ್ದೀಯೇನಪ್ಪಾ?" ಎಂದೆ.

"ಹಿಡಿದಿದ್ದೇನೆ ಸರ್" ಎಂದವನು ಲೋಟವನ್ನು ಕೆಳಗಿಟ್ಟ.

ಹಳೆಯ ಅಭ್ಯಾಸ ಬಿಡದು. ಕಾಗದ ತೆಗೆದು ಲೆಕ್ಕ ಮಾಡಿದೆವು. ಒಬ್ಬೊಬ್ಬರ ವೇತನ 15,000 ರೂಪಾಯಿ ಎಂದು ಹಿಡಿದರೆ, ಕೆಲಸಗಾರನ ಪಾಲು ಶೇಕಡಾ 12, ಅಂದರೆ 1,800. ಮಾಲೀಕನೂ ಅಷ್ಟೇ ಸೇರಿಸಬೇಕು. ಅದರಲ್ಲಿ ಶೇಕಡಾ 8.33 ಪಿಂಚಣಿಗೆ, ಮಿಕ್ಕದ್ದು ನಿಧಿಗೆ. ಮಾಲೀಕನ ಪಾಲನ್ನು ಬದಿಗಿಡೋಣ. ಕೆಲಸಗಾರರ ಪಾಲೇ ಇಪ್ಪತ್ತಮೂರು ಮಂದಿಗೆ ತಿಂಗಳಿಗೆ 41,400. ನಾಲ್ಕು ತಿಂಗಳಿಗೆ 1,65,600 ರೂಪಾಯಿ. ಈ ಹಣ ಎಲ್ಲಿದೆ ಎಂದು ಕೇಳಿದೆ. ಕಚ್ಚಾ ಸಾಮಗ್ರಿ ಕೊಳ್ಳಲು ಖರ್ಚಾಗಿತ್ತು. ಕೆಲಸಗಾರರು ತಮಗೇ ತಿಳಿಯದಂತೆ ತಮ್ಮ ಯಜಮಾನನಿಗೆ ಸಾಲ ಕೊಟ್ಟಿದ್ದರು!

ಅವನ ಪರವಾಗಿಯೂ ಎರಡು ಮಾತು ಹೇಳಲೇಬೇಕು. ಸಣ್ಣ ಉದ್ಯಮಿಗೆ ಲೆಕ್ಕಪತ್ರಕ್ಕೆಂದು ಪ್ರತ್ಯೇಕ ಗುಮಾಸ್ತನಿರುವುದಿಲ್ಲ. ಸಂಬಳದಲ್ಲಿ ಮುರಿದ ಆದಾಯ ತೆರಿಗೆಯನ್ನು ಮರುತಿಂಗಳ 7ರೊಳಗೆ ಕಟ್ಟಬೇಕು (ಮಾರ್ಚ್ ತಿಂಗಳದ್ದಕ್ಕೆ ಬೇರೆ ಗಡುವು). ಪಿ.ಎಫ್. ಮತ್ತು ಇ.ಎಸ್.ಐ.ಗೆ 15, ನಮ್ಮ ರಾಜ್ಯದ ವೃತ್ತಿ ತೆರಿಗೆಗೆ 20. ಒಂದೇ ಸಂಬಳದ ಪಟ್ಟಿಗೆ ಇಷ್ಟು ಬಾಗಿಲುಗಳೇಕೆ ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾನೂನು ಕೊಳ್ಳುವವರಿಗೆ ವಿಧಿಸಿದೆ. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಬದುಕುವವರಾರು? ಇವನಿಂದ ವಸೂಲು ಮಾಡಲು ಇರುವ ಆತುರ, ಇವನಿಗೆ ಬರಬೇಕಾದುದನ್ನು ಕೊಡಿಸುವಲ್ಲಿ ಕಾಣದು. ಈ ಸಿಟ್ಟು ನ್ಯಾಯವಾದುದೇ.

ಆದರೂ ನಾನು ಒಪ್ಪಲಿಲ್ಲ. ಮಾಲೀಕನ ಪಾಲು ತಡವಾದರೆ ಅದು ಬಾಕಿ. ಕೆಲಸಗಾರನ ಪಾಲನ್ನು ಬಳಸಿಕೊಂಡರೆ ಅದು ಬೇರೆಯೇ ಸಂಗತಿ. ಕಾನೂನೂ ಈ ಭೇದವನ್ನು ಗುರುತಿಸಿದೆ. 1973ರಲ್ಲಿಯೇ ದಂಡ ಸಂಹಿತೆಯ 405ನೇ ಕಲಮಿಗೆ ವಿವರಣೆಯೊಂದನ್ನು ಸೇರಿಸಿ, ಸಂಬಳದಲ್ಲಿ ಮುರಿದ ಪಿ.ಎಫ್. ಹಣವನ್ನು ಮಾಲೀಕನಿಗೆ ನಂಬಿ ಒಪ್ಪಿಸಿದ ಹಣವೆಂದೇ ಭಾವಿಸತಕ್ಕದ್ದು ಎಂದರು, ಕಟ್ಟದಿದ್ದರೆ ನಂಬಿಕೆದ್ರೋಹ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿವರಣೆ 316ನೇ ಕಲಮಿನಲ್ಲಿ ಉಳಿದಿದೆ. 2022ರ ಅಕ್ಟೋಬರಿನಲ್ಲಿ ಆದಾಯ ತೆರಿಗೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಎರಡು ಪಾಲುಗಳು ಒಂದೇ ಅಲ್ಲ, ನೌಕರನಿಂದ ಮುರಿದದ್ದು ಮಾಲೀಕನ ಸ್ವಂತ ಹಣವಲ್ಲ ಎಂದಿತು.

ಕಾನೂನಿನ ಮಾತು ಬಿಡಿ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಇಳಿದ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳನ್ನು ನೆನೆಯಿರಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವೇ ಆ ಸಿಟ್ಟಿಗೆ ಕಾರಣ. ಬಸ್ಸುಗಳಿಗೆ ಬೆಂಕಿ ಬಿದ್ದುದನ್ನು ನಾನು ಸಮರ್ಥಿಸಲಾರೆ. ಆದರೆ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆಗೆ, ಮನೆಯ ಸೂರಿಗೆ ಆ ಹಣವನ್ನೇ ನೆಚ್ಚಿಕೊಂಡವರ ಆತಂಕ ಅದು.

ನನ್ನದೂ ಒಂದು ಹಳೆಯ ಗಾಯವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಖಾಸಗಿ ಶಾಲೆಯಲ್ಲಿ, ರೆವಿನ್ಯೂ ಸ್ಟಾಂಪಿನ ಮೇಲೆ ಒಂದು ಮೊತ್ತಕ್ಕೆ ಸಹಿ ಮಾಡಿ ಅದಕ್ಕಿಂತ ಕಡಿಮೆ ಎಣಿಸಿಕೊಂಡು ಬರುತ್ತಿದ್ದೆ. ಮಿಕ್ಕದ್ದು "ನಿಮ್ಮ ನಿಧಿಗೆ" ಎನ್ನುತ್ತಿದ್ದರು. ಶಾಲೆ ಬಿಡುವಾಗ ವಿಚಾರಿಸಿದರೆ ಅಂತಹ ನಿಧಿಯೇ ಇರಲಿಲ್ಲ. ಮೊತ್ತ ಸಣ್ಣದು, ಅದನ್ನು ಮರೆತೆ. ಎರಡು ವರ್ಷ ಮುಗುಳ್ನಗುತ್ತಾ ಸಹಿ ಮಾಡಿಸಿಕೊಂಡರಲ್ಲ, ಆ ಮುಗುಳ್ನಗೆ ಮರೆತಿಲ್ಲ.

ಇದನ್ನು ಅವನಿಗೆ ಹೇಳಿದೆ. ಸಂಬಳ ಬಟವಾಡೆಯ ದಿನವೇ ಹಿಡಿದ ಹಣವನ್ನೂ ಕಟ್ಟಿಬಿಡು, 15ರವರೆಗೆ ಕಾಯುವುದೇಕೆ ಎಂದೆ. ನಿಮ್ಮಲ್ಲಿ ನೌಕರಿಯಲ್ಲಿರುವವರು ಪಿ.ಎಫ್. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿಕೊಳ್ಳಿ; ಅದು ಯಜಮಾನನ ಮೇಲಿನ ಅನುಮಾನವಲ್ಲ.

ಮೊನ್ನೆ ಫೋನ್ ಮಾಡಿದ್ದ. ಎರಡು ತಿಂಗಳ ಬಾಕಿಯನ್ನು ಬಡ್ಡಿಗೆ ಸಾಲ ತಂದು ಕಟ್ಟಿದ್ದಾನಂತೆ. ಉಳಿದೆರಡು ತಿಂಗಳದ್ದನ್ನು ಮದುವೆಗೆ ಮೊದಲೇ ತೀರಿಸುತ್ತೇನೆ ಎಂದ. ಕೆಲಸಗಾರರನ್ನು ಕೂರಿಸಿಕೊಂಡು ವಿಷಯ ತಿಳಿಸಿದೆಯಾ ಎಂದು ಕೇಳಿದೆ. "ಅದೊಂದು ಇನ್ನೂ ಆಗಿಲ್ಲ ಸರ್" ಎಂದ.