ಸರದಿಯ ಗಣಿತ ಮತ್ತು ಪ್ರಾಧ್ಯಾಪಕರ ಬಡ್ತಿ

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆದಾಗ ನಾವು ವೈದ್ಯರನ್ನೋ ಸಿಬ್ಬಂದಿಯನ್ನೋ ದೂರುತ್ತೇವೆ. ಆ ಸಾಲಿಗೂ ಒಂದು ಗಣಿತವಿದೆ ಎಂಬುದು ಹೊಳೆಯುವುದಿಲ್ಲ. ಒಬ್ಬ ವೈದ್ಯರು ಗಂಟೆಗೆ ಸರಾಸರಿ 12 ರೋಗಿಗಳನ್ನು ನೋಡಬಲ್ಲರು ಎಂದುಕೊಳ್ಳೋಣ. ಗಂಟೆಗೆ ಸರಾಸರಿ 9 ಮಂದಿ ತಮಗೆ ತೋಚಿದ ಹೊತ್ತಿಗೆ ಬರುತ್ತಿದ್ದರೆ, ಸರದಿ ಸಿದ್ಧಾಂತದ ಸರಳ ಮಾದರಿಯ ಪ್ರಕಾರ ಒಬ್ಬೊಬ್ಬರೂ ಸರಾಸರಿ 15 ನಿಮಿಷ ಕಾಯಬೇಕಾಗುತ್ತದೆ. ಬರುವವರು 11 ಮಂದಿಯಾದರೆ ಅದು 55 ನಿಮಿಷಕ್ಕೆ ಏರುತ್ತದೆ. ಹೆಚ್ಚಿದವರು ಇಬ್ಬರೇ, ಕಾಯುವ ಹೊತ್ತು ಮಾತ್ರ ಮೂರೂವರೆ ಪಟ್ಟಿಗೂ ಮಿಗಿಲು. ವೈದ್ಯರಿಗೆ ಕ್ಷಣವೂ ಬಿಡುವಿರಬಾರದೆಂಬ ಆಡಳಿತದ ಹಟಕ್ಕೆ ರೋಗಿ ತನ್ನ ದಿನಗೂಲಿಯನ್ನು ತೆರಬೇಕಾಗುತ್ತದೆ.

ಇಂತಹ ಸಂಗತಿಗಳನ್ನು ಅಭ್ಯಸಿಸುವುದೇ ಕಾರ್ಯಾಚರಣೆ ನಿರ್ವಹಣೆ ಹಾಗೂ ನಿರ್ಧಾರ ವಿಜ್ಞಾನ. ಈ ಶಾಸ್ತ್ರದ ಬೇರುಗಳಿರುವುದು ದುಡಿಮೆಯ ನೆಲದಲ್ಲಿ. ಸರದಿ ಸಿದ್ಧಾಂತಕ್ಕೆ 1909ರಲ್ಲಿ ಅಡಿಗಲ್ಲಿಟ್ಟ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯ ನೌಕರರಾಗಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡವು ಮುಳುಗಿದ ಹಡಗುಗಳ ಲೆಕ್ಕವನ್ನು ಪರಿಶೀಲಿಸಿ, ಬೆಂಗಾವಲಿನೊಂದಿಗೆ ದೊಡ್ಡ ಗುಂಪಾಗಿ ಸಾಗುವುದೇ ಹೆಚ್ಚು ಸುರಕ್ಷಿತವೆಂದು ತೋರಿಸಿಕೊಟ್ಟಿತು.

ಆದರೆ ಇಂದು ಈ ಕ್ಷೇತ್ರಕ್ಕೆ ಕಾಲಿಡುವ ತರುಣ ಅಧ್ಯಾಪಕರ ಭವಿಷ್ಯ ನಿಂತಿರುವುದು ಬಹುಮಟ್ಟಿಗೆ ಪ್ರಬಂಧಗಳ ಮೇಲೆ. ಲಂಡನ್ನಿನ 'ಫೈನಾನ್ಷಿಯಲ್ ಟೈಮ್ಸ್' ಪತ್ರಿಕೆಯು ವಾಣಿಜ್ಯ ಶಾಲೆಗಳ ಶ್ರೇಯಾಂಕಕ್ಕಾಗಿ ಆಯ್ದ 50 ವಿದ್ವತ್ ಪತ್ರಿಕೆಗಳ ಪಟ್ಟಿ ಜಗತ್ತಿನ ಅನೇಕ ಸಂಸ್ಥೆಗಳಲ್ಲಿ ನೇಮಕಾತಿ, ಬಡ್ತಿಗಳ ಅಳತೆಗೋಲಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು ಸರದಿಯನ್ನು ಮೊಟಕುಗೊಳಿಸಿದ ಅಧ್ಯಾಪಕರು ಬಡ್ತಿಯ ಅರ್ಜಿಯಲ್ಲಿ ಅದನ್ನು ಯಾವ ಕಲಮಿನಲ್ಲಿ ತುಂಬಬೇಕು? ಈ ಶಾಸ್ತ್ರವನ್ನು ಕಟ್ಟಿದವರಲ್ಲೊಬ್ಬರಾದ ರಸೆಲ್ ಅಕಾಫ್, ಅದು ಗಣಿತತಂತ್ರಗಳಲ್ಲಿ ಮೈಮರೆತು ನಿಜವಾದ ಸಮಸ್ಯೆಗಳಿಂದ ದೂರ ಸರಿಯುತ್ತಿದೆ ಎಂದು 1979ರಲ್ಲಿಯೇ ಎಚ್ಚರಿಸಿದ್ದರು.

ಹಾಗೆಂದು ಸಿದ್ಧಾಂತ ನಿರರ್ಥಕವೆಂದಲ್ಲ. ವ್ಯವಸ್ಥೆಯೊಳಗಿರುವ ಜನರ ಸರಾಸರಿ ಸಂಖ್ಯೆಯು ಅವರು ಬರುವ ವೇಗ ಮತ್ತು ಅಲ್ಲಿ ಕಳೆಯುವ ಸಮಯದ ಗುಣಲಬ್ಧ ಎಂಬುದಕ್ಕೆ ಜಾನ್ ಲಿಟಲ್ 1961ರಲ್ಲಿ ನೀಡಿದ ಸಾಧನೆ ಇಂದಿಗೂ ಬ್ಯಾಂಕು, ಕಾರ್ಖಾನೆ, ಆಸ್ಪತ್ರೆಗಳಿಗೆ ಸಮಾನವಾಗಿ ಸಲ್ಲುತ್ತಿದೆ. ವಿದ್ವಾಂಸರ ಪರಿಶೀಲನೆಗೆ ಒಳಪಡದ ಕೆಲಸ ಕೇವಲ ಸಲಹಾ ವ್ಯವಹಾರವಾಗಿಬಿಡುವ ಅಪಾಯವೂ ಉಂಟು.

ಆದ್ದರಿಂದ ಬೇಕಾಗಿರುವುದು ಅಳತೆಗೋಲಿನ ವಿಸ್ತರಣೆ. ಕ್ಷೇತ್ರದಲ್ಲಿ ಜಾರಿಗೆ ತಂದ ಬದಲಾವಣೆಯ ಮುಂಚಿನ ಮತ್ತು ನಂತರದ ಅಂಕಿಅಂಶಗಳನ್ನು ಹೊರಗಿನ ತಜ್ಞರಿಂದ ಪರಿಶೀಲಿಸಿ, ಅದನ್ನು ಪ್ರಬಂಧಕ್ಕೆ ಸಮನಾಗಿ ಪರಿಗಣಿಸಬೇಕು. ವಿಫಲವಾದ ಪ್ರಯೋಗದ ಪ್ರಾಮಾಣಿಕ ವರದಿಗೂ ಅಲ್ಲಿ ಸ್ಥಾನವಿರಬೇಕು. ಸರ್ಕಾರವೂ ರೋಗಿಗಳ ಗುರುತನ್ನು ಮರೆಮಾಚಿ ಆಸ್ಪತ್ರೆಗಳ ದತ್ತಾಂಶವನ್ನು ಸಂಶೋಧಕರಿಗೆ ಒದಗಿಸಬೇಕು. ವರದಿ ಕನ್ನಡದಲ್ಲಿಯೂ ಇರಬೇಕು. ಅದನ್ನು ಓದಿ ಜಾರಿಗೆ ತರಬೇಕಾದವರು ಆಸ್ಪತ್ರೆಯ ಸಿಬ್ಬಂದಿಯೇ ಅಲ್ಲವೇ?

1973ರಲ್ಲಿ ಸ್ಥಾಪನೆಯಾದ ಐಐಎಂ ಸೇರಿದಂತೆ ಈ ಶಾಸ್ತ್ರವನ್ನು ಬೋಧಿಸುವ ಸಂಸ್ಥೆಗಳು ಬೆಂಗಳೂರಿನಲ್ಲಿಯೇ ಇವೆ. ಉದ್ದನೆಯ ಸಾಲುಗಳೂ ಇಲ್ಲಿಯೇ ಇವೆ. ಇವೆರಡರ ನಡುವಿನ ದಾರಿ ಹಿಡಿದ ಅಧ್ಯಾಪಕರು ಬಡ್ತಿಯಿಂದ ವಂಚಿತರಾಗದಂತೆ ನೋಡಿಕೊಳ್ಳುವುದು ಸಂಸ್ಥೆಗಳ ಹೊಣೆ.