ನಮ್ಮ ಇಕಾಮ ಯಾರ ಯಾರ ಮೊಬೈಲಿನಲ್ಲಿದೆ?

ಸಹೋದರರೇ, ಮುಂದೆ ಓದುವ ಮೊದಲು ಒಂದು ಲೆಕ್ಕ ಹಾಕಿ. ಸೌದಿಗೆ ಬಂದ ದಿನದಿಂದ ಇವತ್ತಿನವರೆಗೆ ನಿಮ್ಮ ಇಕಾಮದ ಫೋಟೋವನ್ನು ಎಷ್ಟು ಮಂದಿಗೆ ಕಳುಹಿಸಿದ್ದೀರಿ? ಕಂಪೆನಿಯ ಮಂದೂಬ್, ಕ್ಯಾಂಪ್ ಬಾಸ್, ಇನ್ಶೂರೆನ್ಸ್ ಮಾಡಿಸಿದವರು, ಸಿಮ್ ಮಾರಿದ ಅಂಗಡಿ, ಟಿಕೆಟ್ ತೆಗೆದ ಟ್ರಾವೆಲ್ಸ್, ರೂಮು ಕೊಡಿಸಿದವರು, ಕಾರ್ಗೋದವರು, ಕೊನೆಗೆ ನಮ್ಮಂಥ ಸಂಘಟನೆಗಳು. ಹತ್ತು ದಾಟಿದ ಮೇಲೆ ನೆನಪೇ ಉಳಿಯುವುದಿಲ್ಲ. ಇವರಲ್ಲಿ ಒಬ್ಬರಾದರೂ ಕೆಲಸ ಮುಗಿದ ಮೇಲೆ "ನಿಮ್ಮ ಕಾಪಿ ಅಳಿಸಿದ್ದೇವೆ" ಎಂದು ಹೇಳಿದ್ದುಂಟಾ? ನಮಗಂತೂ ಯಾರೂ ಹೇಳಿಲ್ಲ.

ನಮ್ಮ ಸಹಾಯ ವಿಭಾಗಕ್ಕೆ ಮೊದಲೆಲ್ಲ ಬರುತ್ತಿದ್ದ ಕರೆಗಳು ಸಂಬಳ ಬಾಕಿ, ಹುರೂಬ್, ಫೈನಲ್ ಎಕ್ಸಿಟ್ ಇಂಥವು. ಈಗ ಬೇರೆ ಥರದ ಕರೆಗಳೂ ಬರುತ್ತಿವೆ. ಜುಬೈಲಿನಲ್ಲಿ ದುಡಿಯುವ ಸಹೋದರರೊಬ್ಬರ ಉಮ್ಮನಿಗೆ ಊರಲ್ಲಿ ಫೋನ್ ಬಂತು. "ನಿಮ್ಮ ಮಗನನ್ನು ಏರ್‌ಪೋರ್ಟಿನಲ್ಲಿ ಹಿಡಿದಿದ್ದಾರೆ, ಬಿಡಿಸಬೇಕಾದರೆ ಈಗಲೇ ಹಣ ಹಾಕಿ." ಮಗನ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಕಂಪೆನಿಯ ಹೆಸರು, ತೀರಿಹೋದ ಬಾಪನ ಹೆಸರು ಎಲ್ಲವೂ ಸರಿಯಾಗಿತ್ತು. ಮಗ ಆ ಹೊತ್ತಿಗೆ ಡ್ಯೂಟಿಯಲ್ಲಿದ್ದ, ಫೋನು ಲಾಕರಿನಲ್ಲಿತ್ತು. ಉಮ್ಮ ನೆರೆಮನೆಯವರಿಂದ ಸಾಲ ಮಾಡಿ ಹಣ ಹಾಕಿಸಿದರು.

ಇದನ್ನು ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಅವರು ಸ್ವಲ್ಪ ಜಾಗ್ರತೆ ಮಾಡಬೇಕಿತ್ತು." ಈ ಮಾತಿಗೇ ನಮ್ಮ ತಕರಾರು. ಮೊಬೈಲು ಸರಿಯಾಗಿ ಉಪಯೋಗಿಸಲು ಬಾರದ ತಾಯಿ ಜಾಗ್ರತೆ ಮಾಡಬೇಕು, ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದ ಕಾರ್ಮಿಕ ಜಾಗ್ರತೆ ಮಾಡಬೇಕು. ಆದರೆ ಆ ಪಾಸ್‌ಪೋರ್ಟ್ ನಂಬರನ್ನೂ ಬಾಪನ ಹೆಸರನ್ನೂ ಹೊರಗೆ ಹೋಗಲು ಬಿಟ್ಟವರು ಯಾರು ಎಂದು ಯಾಕೆ ಯಾರೂ ಕೇಳಲಿಲ್ಲ? ನಮ್ಮಲ್ಲಿ ಹೆಚ್ಚಿನವರ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ, ತಾಯಿ, ಹೆಂಡತಿಯ ಹೆಸರು, ಊರಿನ ವಿಳಾಸ ಎಲ್ಲ ಇದೆ. ಆ ಒಂದು ಪುಟ ಕಳ್ಳನ ಕೈಗೆ ಸಿಕ್ಕಿದರೆ ಅವನಿಗೆ ಬೇರೆ ಏನೂ ಬೇಕಾಗಿಲ್ಲ.

ನಮ್ಮ ಸಣ್ಣ ಕಾಂಟ್ರಾಕ್ಟಿಂಗ್ ಕಂಪೆನಿಗಳ, ಬಕಾಲಗಳ, ಬೂಫಿಯಾಗಳ, ಟ್ರಾವೆಲ್ಸ್‌ಗಳ ಒಳಗೆ ಹೋಗಿ ನೋಡಿ. ಐವತ್ತು ಜನರ ಹೆಸರು, 2ರಿಂದ ಶುರುವಾಗುವ ಹತ್ತಂಕಿಯ ಇಕಾಮ ನಂಬರ್, ಹುಟ್ಟಿದ ದಿನ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಎಲ್ಲ ಒಂದೇ ಎಕ್ಸೆಲ್ ಶೀಟಿನಲ್ಲಿ. ಆ ಶೀಟು ವಾಟ್ಸಾಪ್ ಗ್ರೂಪಿನಲ್ಲಿ. ಆ ಗ್ರೂಪಿನಲ್ಲಿ ಕೆಲಸ ಬಿಟ್ಟು ಹೋದವರೂ ಇದ್ದಾರೆ. ಆಫೀಸಿನ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್. ಪಾಸ್‌ವರ್ಡ್ ಚೀಟಿ ಮಾನಿಟರಿಗೆ ಅಂಟಿಸಿದೆ, ಅದೂ ಕಂಪೆನಿಯ ಹೆಸರು ಮತ್ತು 123. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಹೀಗೆ ಯಾರಾದರೂ ತೆರೆದಿಡುತ್ತಾರಾ?

ಮಾಲಕರ ಮೊದಲ ಉತ್ತರ ನಮಗೆ ಗೊತ್ತು: "ನಮ್ಮದು ಸಣ್ಣ ವ್ಯಾಪಾರ, ನಮ್ಮನ್ನು ಯಾರು ಹ್ಯಾಕ್ ಮಾಡ್ತಾರೆ?" 2012ರ ಆಗಸ್ಟ್ 15 ನೆನಪಿರುವವರು ಪೂರ್ವ ಪ್ರಾಂತ್ಯದಲ್ಲಿ ಈಗಲೂ ಇದ್ದಾರೆ. ರಮಝಾನಿನ ಕೊನೆಯ ದಿನಗಳು, ಹೆಚ್ಚಿನವರು ರಜೆಯಲ್ಲಿದ್ದರು. ಶಮೂನ್ ಎಂಬ ವೈರಸ್ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರುಗಳನ್ನು ಅಳಿಸಿಹಾಕಿತು. ತೈಲ ಉತ್ಪಾದನೆ ನಿಲ್ಲಲಿಲ್ಲ, ಆದರೆ ಆಫೀಸಿನ ಕೆಲಸ ಕಾಗದಕ್ಕೆ ಇಳಿಯಿತು. ಅರಾಮ್ಕೋಗೆ ಹಣ ಇತ್ತು, ಜನ ಇದ್ದರು, ಎದ್ದು ನಿಂತಿತು. ನಮ್ಮ ಸಣ್ಣ ಕಂಪೆನಿಯ ಒಂದೇ ಒಂದು ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಬಂದು ಎಲ್ಲ ಫೈಲಿಗೆ ಬೀಗ ಹಾಕಿದರೆ ಏನು ಮಾಡ್ತೀರಿ? ಬ್ಯಾಕಪ್ ಎಲ್ಲಿದೆ ಎಂದು ಕೇಳಿದರೆ ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕ್ ತೋರಿಸುತ್ತಾರೆ. ವೈರಸ್ ಅದನ್ನೂ ಬಿಡುವುದಿಲ್ಲ. ಆಮೇಲೆ ಸಂಬಳದ ಲೆಕ್ಕ ಇಲ್ಲ, ಓವರ್‌ಟೈಮ್ ಲೆಕ್ಕ ಇಲ್ಲ, ಹಾಗಾಗಿ ಸಂಬಳವೂ ಇಲ್ಲ. ಅನುಭವಿಸುವುದು ಯಾರು?

ಕಳ್ಳ ದೊಡ್ಡ ಮನೆ ಸಣ್ಣ ಮನೆ ಎಂದು ನೋಡುವುದಿಲ್ಲ, ಬಾಗಿಲು ತೆರೆದಿದೆಯಾ ಎಂದು ನೋಡುತ್ತಾನೆ. ಈಗ ಆ ಬಾಗಿಲು ತಟ್ಟುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ, ಒಂದೇ ದಿನದಲ್ಲಿ ಸಾವಿರಾರು ಕಡೆ.

ಎರಡನೆಯ ಉತ್ತರ: "ನಮ್ಮ ಹುಡುಗರನ್ನು ನಾವು ನಂಬ್ತೇವೆ." ಒಳ್ಳೆಯದು. ಆದರೆ ತಪ್ಪಾದ ದಿನ ಆ ನಂಬಿಕೆ ಎಲ್ಲಿ ಹೋಗುತ್ತದೆ? ದಮ್ಮಾಮಿನ ಒಂದು ಸಂಸ್ಥೆಯಲ್ಲಿ ಲೆಕ್ಕ ಬರೆಯುವ ನಮ್ಮ ಹುಡುಗನಿಗೆ ಸರಕು ಪೂರೈಸುವವರ ಹೆಸರಿನಲ್ಲೇ ಒಂದು ಇಮೇಲ್ ಬಂತು: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳ ಬಿಲ್ಲು ಇದಕ್ಕೆ ಹಾಕಿ." ವಿಳಾಸದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಮುದೀರ್ ಅವಸರ ಮಾಡಿದ, ಹುಡುಗ ಹಣ ಕಳುಹಿಸಿದ, ಹಣ ಹೋಯಿತು. ಖಾತೆ ಬದಲಾದರೆ ಹಳೆಯ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಕು, ಇಬ್ಬರು ಸಹಿ ಹಾಕಬೇಕು ಎಂಬ ನಿಯಮವನ್ನು ಆ ಆಫೀಸಿನಲ್ಲಿ ಯಾರೂ ಮಾಡಿರಲಿಲ್ಲ. ಆದರೂ ಪೂರ್ತಿ ಮೊತ್ತವನ್ನು ಹುಡುಗನ ಸಂಬಳದಿಂದ ಮುರಿಯುವುದಾಗಿ ಹೇಳಿದರು.

ಇಂಥ ಸಂದರ್ಭದಲ್ಲಿ ಬಾಯಿಮುಚ್ಚಿ ಸಹಿ ಹಾಕಬೇಡಿ. ಸೌದಿ ಕಾರ್ಮಿಕ ಕಾನೂನಿನ 91ನೇ ಕಲಂ ಮಾಲಕನ ಯಂತ್ರ, ಸರಕು ಹಾಳಾದಾಗ ಸಂಬಳದಿಂದ ಕಡಿತ ಮಾಡುವ ಬಗ್ಗೆ ಹೇಳುತ್ತದೆ. ಅಲ್ಲೂ ತಪ್ಪು ಕಾರ್ಮಿಕನದ್ದೇ ಆಗಿರಬೇಕು, ಮೂರನೆಯವರ ತಪ್ಪಿನಿಂದ ಆಗಿರಬಾರದು. ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ಕಡಿಯುವಂತಿಲ್ಲ. ವಂಚಕ ಮಾಡಿದ ಮೋಸಕ್ಕೆ ಬಡ ಗುಮಾಸ್ತನ ಇಡೀ ಸಂಬಳ ನುಂಗುವ ಅಧಿಕಾರ ಯಾವ ಮುದೀರನಿಗೂ ಇಲ್ಲ.

ಇನ್ನು ಮಾಹಿತಿಯ ವಿಷಯ. ಇದು ಮಾಲಕರ ಔದಾರ್ಯದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಸೌದಿಯ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾನೂನು 2021ರಲ್ಲಿ ಹೊರಬಂತು, ತಿದ್ದುಪಡಿಯಾಗಿ 2023ರ ಸೆಪ್ಟೆಂಬರ್ 14ರಂದು ಜಾರಿಗೆ ಬಂತು. ಕಂಪೆನಿಗಳು ಸಿದ್ಧವಾಗಲು ಕೊಟ್ಟ ಒಂದು ವರ್ಷದ ಸಮಯ 2024ರ ಸೆಪ್ಟೆಂಬರ್ 14ಕ್ಕೆ ಮುಗಿಯಿತು. ಸದಾಯಾ ಎಂಬ ಪ್ರಾಧಿಕಾರ ಇದರ ಮೇಲ್ವಿಚಾರಣೆ ಮಾಡುತ್ತದೆ. ನಮ್ಮ ಬಗ್ಗೆ ಯಾವ ಮಾಹಿತಿ ಇಟ್ಟಿದ್ದಾರೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಕೆಲಸ ಮುಗಿದದ್ದನ್ನು ಅಳಿಸಿ ಎಂದು ಹೇಳುವ ಹಕ್ಕು ನಮಗೆ ಇದೆ. ಮಾಹಿತಿ ಸೋರಿ ಹಾನಿಯಾಗುವ ಸಂಭವ ಇದ್ದರೆ, ಗೊತ್ತಾದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ತೊಂದರೆಗೆ ಸಿಕ್ಕುವವರಿಗೂ ತಡಮಾಡದೆ ಹೇಳಬೇಕು. ಉಲ್ಲಂಘಿಸಿದರೆ ದಂಡ 50 ಲಕ್ಷ ರಿಯಾಲ್‌ವರೆಗೂ ಹೋಗಬಹುದು. ಕತಾರ್ 2016ರಲ್ಲಿ, ಬಹರೈನ್ 2018ರಲ್ಲಿ, ಯುಎಇ 2021ರಲ್ಲಿ, ಒಮಾನ್ 2022ರಲ್ಲಿ ಇಂಥ ಕಾನೂನು ಮಾಡಿವೆ.

ಊರಿನ ಟ್ರಾವೆಲ್ಸ್ ಮತ್ತು ರಿಕ್ರೂಟಿಂಗ್ ಏಜೆಂಟರೂ ಇದರಿಂದ ಹೊರಗಿಲ್ಲ. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರಲಿವೆ. ಮಾಹಿತಿಗೆ ಸರಿಯಾದ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ವೀಸಾ ಆಸೆಗೆ ಬಂದ ನೂರಾರು ಹುಡುಗರ ಪಾಸ್‌ಪೋರ್ಟ್ ಕಾಪಿಯನ್ನು ವರ್ಷಗಟ್ಟಲೆ ಮೊಬೈಲಿನಲ್ಲಿ ಇಟ್ಟುಕೊಂಡವರು ಇದನ್ನು ಎರಡು ಸಲ ಓದಲಿ.

ಇತರರನ್ನು ಬೈದು ನಮ್ಮ ತಪ್ಪು ಮುಚ್ಚಿಡುವುದು ನ್ಯಾಯವಲ್ಲ. 2020ರಲ್ಲಿ ಕೊರೋನಾ ಸಮಯ ಮಂಗಳೂರಿಗೆ ವಿಮಾನ ಹೊರಡಿಸುವ ಓಡಾಟದಲ್ಲಿ ನಾವೂ ಪಟ್ಟಿ ಮಾಡಿದೆವು. ಗರ್ಭಿಣಿಯರು, ರೋಗಿಗಳು, ಕೆಲಸ ಕಳಕೊಂಡವರು, ವೀಸಾ ಮುಗಿದವರು, ಎಲ್ಲರ ಪಾಸ್‌ಪೋರ್ಟ್ ನಂಬರ್ ಸಮೇತ. ಆ ಪಟ್ಟಿ ಗ್ರೂಪಿನಿಂದ ಗ್ರೂಪಿಗೆ ಹೋಯಿತು. ನಮ್ಮ ಉದ್ದೇಶ ಒಳ್ಳೆಯದಿತ್ತು, ಆದರೆ ಯಾರಿಗೆ ಯಾವ ಕಾಯಿಲೆ ಎಂಬುದು ಗುರುತಿಲ್ಲದವರ ಮೊಬೈಲಿಗೂ ತಲುಪಿತು. ಅದು ನಮ್ಮ ತಪ್ಪು. ಇನ್ನೊಬ್ಬರ ವಸ್ತು ನಮ್ಮ ಕೈಯಲ್ಲಿದ್ದರೆ ಅದು ಅಮಾನತ್ ಎಂದು ಮದ್ರಸದಲ್ಲೇ ಕಲಿತವರು ನಾವು. ಇಕಾಮದ ಕಾಪಿಯೂ ಅಮಾನತ್ ಎಂದು ನಮಗೆ ಹೊಳೆಯಲಿಲ್ಲ.

ಹಾಗಾಗಿ ನಮ್ಮ ಸಂಘಟನೆಯಿಂದಲೇ ಶುರು ಮಾಡುತ್ತೇವೆ. ಹಳೆಯ ಪಟ್ಟಿಗಳನ್ನು ಅಳಿಸುತ್ತೇವೆ. ಸಹಾಯ ಕೇಳಿದವರ ದಾಖಲೆಗಳನ್ನು ಇನ್ನು ಇಬ್ಬರಿಗಿಂತ ಹೆಚ್ಚು ಮಂದಿ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ಅಳಿಸಿ, ಅಳಿಸಿದ್ದೇವೆ ಎಂದು ಅವರಿಗೇ ತಿಳಿಸುತ್ತೇವೆ.

ಮಾಲಕರಲ್ಲಿ ನಾವು ಕೇಳುವುದೂ ಇಷ್ಟೇ. ದಾಖಲೆಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ. ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳಿ. ಇಮೇಲಿಗೂ ವಾಟ್ಸಾಪಿಗೂ ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, ಅದಕ್ಕೆ ಒಂದು ಹಲಾಲ ಕೂಡ ಖರ್ಚಿಲ್ಲ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಆ ಡಿಸ್ಕನ್ನು ಕಳಚಿ ಬೇರೆ ಕಡೆ ಇಡಿ. ಕೆಲಸ ಬಿಟ್ಟವನ ಲಾಗಿನ್ ಅದೇ ದಿನ ಮುಚ್ಚಿ. ಸೋರಿಕೆಯಾದರೆ ಅಡಗಿಸಬೇಡಿ, ನಮಗೆ ಹೇಳಿ. ಉಮ್ಮನಿಗೆ ಬರುವ ಸುಳ್ಳು ಫೋನಿಗಿಂತ ಮೊದಲು ನಮ್ಮ ಫೋನು ಮನೆಗೆ ತಲುಪಲಿ.

ನಮ್ಮ ಸಹೋದರರಿಗೆ: ಇಕಾಮದ ಕಾಪಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾವುದಕ್ಕೆ, ಯಾವ ದಿನ ಎಂದು ಬರೆದು ಕೊಡಿ. ಯಾರೋ ಫೋನ್ ಮಾಡಿ ನಫಾಝ್ ಆ್ಯಪಿನಲ್ಲಿ ಇಂಥ ನಂಬರ್ ಒತ್ತಿ ಎಂದರೆ ಒತ್ತಬೇಡಿ. ಆ ಹೊತ್ತಿಗೆ ನಿಮ್ಮ ಹೆಸರಿನಲ್ಲಿ ಅವನು ಎಲ್ಲೋ ಒಳಗೆ ಹೋಗುತ್ತಿದ್ದಾನೆ ಎಂದೇ ಅರ್ಥ. ಸಿಮ್ ಅಂಗಡಿಯಲ್ಲಿ "ಬೆರಳು ಸರಿ ಬರಲಿಲ್ಲ, ಇನ್ನೊಮ್ಮೆ ಇಡಿ" ಎಂದರೆ ಯಾಕೆ ಎಂದು ಕೇಳಿ. ನಿಮ್ಮ ಇಕಾಮದಲ್ಲಿ ಎಷ್ಟು ಸಿಮ್ ಇದೆ ಎಂದು 'ಅರ್ಕಾಮಿ' ಸೇವೆಯಲ್ಲಿ ನೋಡಿ. ಊರಿನ ಮನೆಯವರ ಜೊತೆ ಇವತ್ತೇ ಒಂದು ಗುಟ್ಟಿನ ಮಾತು ನಿಶ್ಚಯಿಸಿ. ಮಗ ಸಿಕ್ಕಿಬಿದ್ದಿದ್ದಾನೆ ಎಂದು ಯಾರೇ ಹೇಳಿದರೂ ಆ ಮಾತು ಕೇಳದೆ ಹಣ ಹಾಕಬಾರದು. ಹಣ ಹೋದರೆ ಊರಲ್ಲಿರುವವರು ಕೂಡಲೇ 1930ಕ್ಕೆ ಕರೆ ಮಾಡಲಿ, ಬೇಗ ಹೇಳಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆದರೆ ನಮ್ಮ ಜಾಗ್ರತೆಯೊಂದೇ ಸಾಲದು. ನಾಳೆ ಆಫೀಸಿಗೆ ಹೋದಾಗ ಮಂದೂಬನಲ್ಲಿ ಮೆಲ್ಲಗೆ ಕೇಳಿ: "ನನ್ನ ಇಕಾಮ ಯಾರ ಯಾರ ಮೊಬೈಲಿನಲ್ಲಿದೆ?" ಒಬ್ಬ ಕೇಳಿದರೆ ನಗಾಡಬಹುದು. ಐವತ್ತು ಜನ ಕೇಳಿದರೆ ಉತ್ತರ ಹುಡುಕಲೇಬೇಕಾಗುತ್ತದೆ. ಉತ್ತರ ಸಿಗದಿದ್ದರೆ ನಮಗೆ ತಿಳಿಸಿ, ನಿಮ್ಮ ಜೊತೆ ನಾವೂ ಕೇಳಲು ಬರುತ್ತೇವೆ.